ರೂಪಾಯಿ ಒತ್ತಬ್ಯಾಡ, ಬಾತ್ ಒತ್ತು

ಅಲ್ಲ, ಕೈ ಬೇಕಾದ್ರ ರೊಟ್ಟಿ ಮ್ಯಾಲೆ ಇರ್ಲಿ, ಕಿವಿ ಮಾತ್ರ ಈ ಕಡೆ ಇಡು ದುರ್ಗಾ… ಎಲ್ಲಿಗೆ ಬಂದಿದ್ದೆ? ಹ್ಞಾಂ, ಏರ್‌ಪೋರ್ಟ್. ಬ್ಯಾಂಕಾಕಿನಾಗ ಇಳಿದ ಕೂಡ್ಲೇ ಸಾಲಾಗಿ ಗಾಜಿನ ಕೌಂಟರ್ ಕಾಣ್ತಾವ. ಒಳಗ ಕೈ ಮುಗಿದು ನಗೋ ಹುಡುಗಿ ಕುಂತಿರ್ತಾಳ. ಮ್ಯಾಲೆ ಬೋರ್ಡು: ಕಮಿಷನ್ ಇಲ್ಲ! ಅದನ್ನ ನೋಡಿ ಹಿಗ್ಗಬ್ಯಾಡ. ಕಮಿಷನ್ ಇಲ್ಲ ಅಂದ್ರ ಬಿಟ್ಟಾರ ಅಂತಲ್ಲ, ರೇಟಿನಾಗ ಸೇರಿಸ್ಯಾರ ಅಂತ. ಹೆಂಗಂದ್ರ… ಹಗರಿಬೊಮ್ಮನಹಳ್ಳಿ ಸಂತ್ಯಾಗ ಉಳ್ಳಾಗಡ್ಡಿ ತಗಣೋ ರೇಟು ಬ್ಯಾರೆ, ಮಾರೋ ರೇಟು ಬ್ಯಾರೆ. ನಡುವಿಂದು ದಲಾಲನ ಹೊಟ್ಟಿಗೆ. ರೊಕ್ಕಾನೂ ಉಳ್ಳಾಗಡ್ಡಿ ಇದ್ದಂಗ. ತಿಳೀತಾ? ಇನ್ನೊಮ್ಮೆ ಹೇಳ್ಲಾ? ಬ್ಯಾಡಾ? ಆತು.

ಅದಕ್ಕ ಅಲ್ಲಿ ಟ್ಯಾಕ್ಸಿಗಾಗೋವಷ್ಟು ಬಾತ್ ತಗಂಡು ನಡಿ. ಉಳಿದದ್ದು ಊರೊಳಗ ಬದಲಿ ಮಾಡು. ಬಾತ್… ಯಾಕ ನಗ್ತಿ? ಅವರ ರೊಕ್ಕದ ಹೆಸರ ಹಂಗೈತಿ, ನಾನೇನು ಮಾಡ್ಲಿ! ತಿನ್ನೋ ಬಾತ್ ಅಲ್ಲ ಅದು. ಹಿರೇಹಡಗಲಿ ಸಾಲಿ ಪಿ.ಟಿ. ಟೀಚರ್ರು, ಐವತ್ತು ದಾಟಿದ ಹೆಣ್ಮಕ್ಕಳ ಗುಂಡು ಎಸೆತದಾಗ ರಾಜ್ಯಕ್ಕ ಮೊದಲು ಬಂದಾಕಿ, ಏಷ್ಯಾ ಲೆವೆಲ್ಲಿಗೆ ಹೊಂಟಾಕಿ… ಸಣ್ಣ ಹುಡುಗರಂಗ ಬಾತ್ ಅಂದ್ರ ಕಿಸಕ್ ಅಂತಾಳ. ಊರ ಗಂಡಸರದು ಮೊದ್ಲ ಒಂದು ಕಾಟ. ಮೋಟರ್ ವೈಂಡಿಂಗ್ ಮಾಡಿಸಾಕ ಬಂದೋರೆಲ್ಲ, "ಏನಪಾ ಪಾಲಾಕ್ಷ, ಬ್ಯಾಂಕಾಕಂತ!" ಅಂತ ಕಣ್ಣು ಹೊಡೀತಾರ. ಹೆಂಡ್ತಿ ಗುಂಡು ಎಸಿಯಾಕ ಹೊಂಟಾಳಪಾ ಅಂದ್ರ ಇನ್ನೂ ನಗ್ತಾರ.

ಇರ್ಲಿ. ಬದಲಿ ಮಾಡಾಕ ಒಯ್ಯೋ ಡಾಲರ್ ನೋಟಿನ ಮಾತು ಕೇಳು. ಅದನ್ನ ಮಡಿಚಿ ಸೆರಗಿನ ತುದಿಗೆ ಗಂಟು ಹಾಕಬ್ಯಾಡ. ಸುಕ್ಕು ಬಿದ್ರ, ಪೆನ್ನಿನ ಗೆರಿ ಇದ್ರ, ಒಲ್ಲೆ ಅಂತಾರ. ನಿಮ್ಮವ್ವನ ಕೈಯಾಗ ಹತ್ತರ ನೋಟು ಅರಿವಿ ಆಗೋ ತನಕ ಇರ್ತತಲ್ಲ, ಅದೆಲ್ಲ ಅಲ್ಲಿ ನಡಿಯಂಗಿಲ್ಲ. ದಪ್ಪನ ಪುಸ್ತಕದಾಗ ಇಡು. ಯಾವ ಪುಸ್ತಕರ ಇರ್ಲಿ, ಓದಬೇಕಂತೇನಿಲ್ಲ.

ಇನ್ನ ಎಟಿಎಂ. ಇದು ಗಟ್ಟಿ ನೆನಪಿಟ್ಟುಕೋ. ಎಷ್ಟು ತೆಗೆದ್ರೂ ಅಲ್ಲಿ ಬ್ಯಾಂಕಿನೋರು ಒಂದೊಂದು ಸಲಕ್ಕ ಇನ್ನೂರು ಚಿಲ್ಲರೆ ಬಾತ್ ಕೊಯ್ಕೋತಾರ, ನಮ್ಮ ಬ್ಯಾಂಕಿನೋರು ಇಲ್ಲೊಂದು ಪಾಲು. ಟಂಟಂ ಬಾಡಿಗಿಗೆ ಹಿಡಿದಂಗ ಅದು… ಒಂದು ಚೀಲ ಹೇರಿದ್ರೂ ಬಾಡಿಗಿ ಅಷ್ಟ, ಹತ್ತು ಹೇರಿದ್ರೂ ಅಷ್ಟ. ಹತ್ತು ಸಲ ಹೋಗಿ ಸಣ್ಣ ಸಣ್ಣ ತೆಗಿಬ್ಯಾಡ, ಒಂದ ಸಲ ಹೇರು. ಆಮ್ಯಾಲೆ ಆ ಮಶೀನು ಭಾಳ ಮರ್ಯಾದಿಲೆ ಕೇಳ್ತತಿ: ರೂಪಾಯಿ ಲೆಕ್ಕದಾಗ ಹಿಡಿಯಲೋ, ಬಾತ್ ಲೆಕ್ಕದಾಗ ಹಿಡಿಯಲೋ ಅಂತ. ಊರ ನೆನಪಾತು ಅಂತ ರೂಪಾಯಿ ಒತ್ತಿಗಿತ್ತಿ! ರೂಪಾಯಿ ಒತ್ತಿದ್ರ ರೇಟು ಅವರು ಹೇಳಿದ್ದು. ಬಾತ್ ಒತ್ತಿದ್ರ ರೇಟು ನಮ್ಮ ಕಾರ್ಡಿಂದು, ಅದು ಕಮ್ಮಿ. ಅಂಗಡ್ಯಾಗ ಕಾರ್ಡು ಉಜ್ಜಿದ್ರೂ ಇದ ಮಾತು. ರೂಪಾಯಿ ಒತ್ತಬ್ಯಾಡ, ಬಾತ್ ಒತ್ತು. ಅನ್ನು ನೋಡಾಣ… ಅನ್ನಂಗಿಲ್ಲಾ? ತಲಿ ಅಲ್ಲಾಡಿಸಿದ್ರೂ ಸಾಕು ಬಿಡು.

ಯಾಕ ಹಂಗ ನೋಡ್ತಿ?

ಓ. ನೀವು ಜೋಡಿಗೇ ಇರ್ತೀರಲ್ಲ, ನನಗ್ಯಾಕ ಇಷ್ಟೆಲ್ಲ ಅಂತನಾ? ಅಲ್ಲ… ನಾನು ಸಂಡಾಸಕ್ಕ ಹೋಗಿದ್ದೆ ಅಂತ ತಿಳ್ಕೋ. ಆ ಹೊತ್ತಿಗೆ ನಿನಗ ರೊಕ್ಕ ಬೇಕಾತು. ಆವಾಗ? …ಹಂಗ ನೋಡಬ್ಯಾಡ! ಇಡೀ ವಾರ ಅಲ್ಲೇ ಕುಂದ್ರತೀನಿ ಅಂತ ನಾ ಎಲ್ಲಿ ಹೇಳಿದೆ? ಒಂದು ಮಾತಿಗೆ. ಊಟ ಬ್ಯಾರೆ ಹೊಸಾದು, ಹೊಟ್ಟಿ ಏನಾಗ್ತತೋ! ಇಲ್ಲಾ ಜನದಾಗ ನಾನು ತಪ್ಪಿಸಿಕೊಂಡ್ರ? ಗಂಡಸ್ರು ತಪ್ಪಿಸಿಕೊಳ್ಳಂಗಿಲ್ಲೇನು?

ಬಡಿ, ಬಡಿ. ಕೈ ನಿಲ್ಲಿಸಬ್ಯಾಡ. ನೀ ಬಡಿಯೋ ಸಪ್ಪಳ ಕೇಳಿದ್ರ ಗುಂಡು ಎಸಿಯಾಕ ಹುಟ್ಟಿದ ಕೈ ಅದು ಅನ್ನಿಸ್ತತಿ. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಇಟ್ಟುಕೊಂಡ್ರ ಒಂದು ಹೊತ್ತಿನ ಬಾತ್ ಉಳೀತು. ಮ್ಯಾಚಿನ ದಿನ ಮಾತ್ರ ಬಿಸಿದು ತಿನ್ನು, ರೊಕ್ಕ ನೋಡಬ್ಯಾಡ. ಏನರ ತಿಳೀಲಿಲ್ಲಂದ್ರ ಟೀಮಿನ ಸುಕನ್ಯಾ ಮೇಡಂನ ಕೇಳು. ಆಕಿಗೂ ಗೊತ್ತಾಗ್ಲಿಲ್ಲಂದ್ರ ಫೋನ್ ಹಚ್ಚು. ಅಲ್ಲಿ ಮುಂಜಾನೆ ಒಂಬತ್ತು ಅಂದ್ರ ಇಲ್ಲಿ ಏಳೂವರಿ. ಮಲಗಿರ್ತೀನಿ, ಆದ್ರೂ ಎಬ್ಬಿಸು…

…

ಏನು?

ಬಾಯಿ ತಪ್ಪಿ ಬಂತದು. ಇಲ್ಲಿ ಅಂದ್ರ… ಅಲ್ಲಿ. ರೂಮಿನಾಗ. ಅದಾ… ಥೂ, ಎಷ್ಟಂತ ಸುಳ್ಳು ಹೆಣೀಲಿ! ಮಾತಾಡಲೇ. ಬೈ.

ಆತು, ಹೇಳ್ತೀನಿ. ನನಗ ಪಾಸ್‌ಪೋರ್ಟ್ ಸಿಗ್ಲಿಲ್ಲ. ಟಿಕೀಟು ಏಜೆಂಟ್ ಅರುಣಕುಮಾರನ ಕಡೆ ಐತಿ ಅಂದಿದ್ನಲ್ಲ, ಅಲ್ಲಿರೋದು ನಿಂದೊಂದ. ನನ್ನ ಮ್ಯಾಲೆ ಕೇಸೈತಿ, ಕೋರ್ಟಿನ ಕಾಗದ ತಾ ಅಂದ್ರು, ಅಷ್ಟರಾಗ ದಿನ ಮುಗದ್ವು. ನೀ ಏನಂದಿದ್ದಿ ನೆನಪೈತಿ? "ನೀವು ಬರಲಿಲ್ಲಂದ್ರ ನಾ ಹೋಗಂಗಿಲ್ಲ, ನನಗ ಎಟಿಎಂ ಬಾಗಿಲು ಸೈತ ತಗಿಯಾಕ ಬರಂಗಿಲ್ಲ." ಆ ಮಾತಿಗೆ ನಾ ಹೆದರಿದೆ. ಎರಡು ವರ್ಷ ಸಾಲಿ ಬಯಲಾಗ ಬಿಸಲಾಗ ಆ ಕಬ್ಬಿಣದ ಗುಂಡು ಎತ್ತೀದಿ, ನನ್ನ ಸಲುವಾಗಿ ಬಿಡೋದಾ? ಅದಕ್ಕ ಎಲ್ಲಾ ಕಲಿಸಿ, ನಾಡದು ಬೆಂಗಳೂರು ತನಕ ಜೋಡಿ ಬಂದು, ಗೇಟಿನೊಳಗ ನೂಕಿ ಕೈ ಬೀಸೋಣಂತ ಮಾಡಿದ್ದೆ. ಒಳಗ ಹೋದ ಮ್ಯಾಲೆ ನೀ ಬೈದ್ರೂ ಗಾಜಿನಾಚೆ, ಕೇಳಂಗಿಲ್ಲ.

ಯಾವ ಕೇಸಾ? ಅದಾ… ನೀರಿನ ಸಲುವಾಗಿ ರಸ್ತೆ ತಡೆ ಮಾಡಿದ್ವಲ್ಲ. ಊರಿನ ಕೆಲಸ. ಊರಿಗೋಸ್ಕರ ಒಬ್ಬ ಮನಿಷ್ಯಾ ಇಷ್ಟೂ ಮಾಡದಿದ್ರ ಹೆಂಗ! ಮೊದಲ ಹೆಸರ ನಂದು ಬರಕೊಂಡ್ರು, ಯಾಕಂದ್ರ ನಾನ ಮುಂದಿದ್ದೆ, ಘೋಷಣಾನೂ ನಾನ…

ಅದೇನದು ದುರ್ಗಾ? ಸುಟ್ಟ ರೊಟ್ಟಿ ಬುಟ್ಟಿಗೆ ಹಾಕೋದು ಬಿಟ್ಟು, ಒಂದು ಈ ಕಡೆ, ಒಂದು ಆ ಕಡೆ… ಮತ್ತ ಈ ಕಡೆ ಒಂದು… ಮತ್ತ ಆ ಕಡೆ… ಯಾರರ ನೋಡಿದ್ರ ಇಸ್ಪೀಟು ಎಲಿ ಹಂಚಾಕತ್ತಾಳ ಅಂದಾರು…

ಓಹೋ.

ಗೊತ್ತೈತಿ ನಿನಗ.

ಯಾರು, ಪೊಲೀಸ್ ಗಾದೆಪ್ಪನಾ? ಪಾಸ್‌ಪೋರ್ಟಿನ ತನಿಖಿಗಂತ ಮನಿಗೆ ಬಂದಿದ್ನಾ? ಚಾ ಕುಡಿದು, ಯುಗಾದಿ ದಿನ ಅಂದರ್ ಬಾಹರ್ ಆಡೋವಾಗ ಕಣದಾಗ ಹಿಡಿದದ್ದು, ನಾನು ಬಣವಿ ಹಿಂದ ಚಪ್ಪಲಿ ಬಿಟ್ಟು ಓಡಿದ್ದು, ಎಲ್ಲಾ ಹೇಳಿದ್ನಾ? ಚಪ್ಪಲಿದೂ! ಆ ಮಗನಿಗೆ ಚಾ ಯಾಕ ಕೊಟ್ಟಿ! ನೀ ಮಾತ್ರ ನಗ್ತಿ. ಇಷ್ಟೊತ್ತು ನನ್ನ ಸಂಡಾಸದ ಕಥಿ ಕೇಳಿಕೋತ, ಗೊತ್ತಿಲ್ಲದಾಕಿ ಹಂಗ… ಅಂದ್ರ ಮೊದ್ಲಿಂದ ಗೊತ್ತಿದ್ದೂ ಸಾಲಿ ಬಯಲಾಗ ಗುಂಡು ಎಸಿಯೋದು ಬಿಡಲಿಲ್ಲ ನೀನು. ಒಬ್ಬಾಕಿನ ಹೋಗಾಕ ತಯಾರಾಗೀಯಾ? ಖರೇ? ತಲಿ ಅಲ್ಲಾಡಿಸು ಇನ್ನೊಮ್ಮೆ. ಅಯ್ಯ ನಮ್ಮವ್ವ, ಎದಿ ಮ್ಯಾಲಿನ ಕಲ್ಲು ಇಳಿಸಿದಿ.

ಆಣಿ ಮಾಡಿ ಹೇಳ್ತೀನಿ, ಆ ಯುಗಾದಿಯಿಂದ ಎಲಿ ಮುಟ್ಟಿಲ್ಲ. ಮೈಲಾರಲಿಂಗಪ್ಪನ ಆಣಿ. ಓಡಿದ್ನಲ್ಲ, ಆವತ್ತ ಬಿಟ್ಟೆ. ಎಲಿ ಕಂಡ್ರ ಓಕರಿಕಿ ಬರ್ತತಿ.

ತಗಾ, ನಿನ್ನ ಕಾರ್ಡು. ಇಷ್ಟು ವರ್ಷ ನಿನ್ನ ಪಗಾರ ತಗಿಯಾಕಂತ ನನ್ನ ಕಿಸೇದಾಗ ಇತ್ತಲ್ಲ, ಇನ್ನ ನಿನ್ನ ಹತ್ರ ಇರ್ಲಿ. ಫಾರಿನ್ನಿನಾಗ ನಡಿಯಂಗ ಚಾಲೂ ಮಾಡಿಸಬೇಕು, ನಾಳೆ ಬ್ಯಾಂಕಿಗೆ ಹೋಗಿ ಸಂಜೀವ ಸಾಹೇಬ್ರಿಗೆ ನಾನ… ಏನು, ಆಗೇತಾ? ಚಾಲೂ ಮಾಡಿಸೀದಿ? ನೀನ ಹೋಗಿ? ಎಟಿಎಂ ಬಾಗಿಲು ತಗಿಯಾಕ ಬರದಾಕಿ! ಶಾಬ್ಬಾಶ್. ಹಂಗಾದ್ರ ಉಳಿದದ್ದು ಪಿನ್ ಒಂದ. ಅದು ನಮ್ಮ ಲಗ್ನದ ಇಸವಿ… ಅಲ್ಲಾ? ಯಾಕ ಕೈ ಅಲ್ಲಾಡಿಸ್ತಿ? ಬದಲಿ ಮಾಡೀಯಾ? ಪಿನ್ನೂ?

ಹತ್ತೆರಿಕಿ! ಅದಕ್ಕ ಮತ್ತ! ಮನ್ನೆ ದೀಪಾವಳಿ ಅಮಾಸಿ ದಿನ ಸಂಜಿ ಮುಂದ ಕಾರ್ಡು ಹಾಕಿದ್ರ, ಪಿನ್ ತಪ್ಪು, ಪಿನ್ ತಪ್ಪು ಅಂತ ಎರಡೆರಡು ಸಲ ಬಂತು. ನಾನು ಮಶೀನ ಕೆಟ್ಟೈತಿ ಅಂತ ಬೈಕೋತ ಕನಕರಾಜನ ಕಡೆ ಕೈಗಡ ತಗಂಡು ಹೋಗಿ ಕುಂತೆ. ಅಷ್ಟೊತ್ತಿಗೆ ಅವರೆಲ್ಲ ಆಟ ಶುರು ಹಚ್ಚಿ…

…

ಇಲ್ಲ. ಅದು… ಕರೆಂಟ್ ಬಿಲ್ಲಿಗೆ ಅಂತ…

ದುರ್ಗಾ, ಹಂಚಿನ ಮ್ಯಾಲಿಂದು ಹೊತ್ತಾಕತ್ತತಿ. ಮಗುಚು.

…ದುರ್ಗಾ?