ಗಂಗಮ್ಮ ಬಿಟ್ಟ ಮರ

...ಹುಚ್ಚು ಅಂತ ಮಾತ್ರ ಬರೀಬೇಡಿ ಡಾಕ್ಟ್ರ ಮೇಡಂ, ನಿಮ್ ಕಾಲಿಗೆ ಬೀಳ್ತೀನಿ! ಮೈಮೇಲೆ ದೇವ್ರು ಬಂದಿತ್ತು ಅಂತ ಬರೀರಿ. ಗಂಗಮ್ಮ! ಯಾಕೆ ನಗ್ತೀರಾ? ಕೋಲಾರದ ಆಸ್ಪತ್ರೆಗೆ ಗಂಗಮ್ಮ ಬರಲ್ವಾ?

ನಮ್ಮ ಯಲ್ದೂರಲ್ಲಿ ಈ ನ್ಯಾಯಕ್ಕೆ ಪಂಚಾಯ್ತಿ ಬೆಳಗ್ಗೆ ಕೂತು ಬೆಳಗ್ಗೇನೇ ಮುಗೀತು. ಈ ಗಂಗುಲಪ್ಪ, ಅಂದ್ರೆ ನಾನು, ತಮ್ಮನ ಮಾವಿನ ಮರಗಳ್ನ ಕಡಿದ, ಹೌದಾ? ಹೌದು. ಮೈಮೇಲೆ ದೇವ್ರಿತ್ತಾ? ಇತ್ತು. ಹಂಗಾದ್ರೆ ಅವನ ತಪ್ಪಲ್ಲ! ನನ್ ತಲೆ ಮೇಲೆ ಅರಿಶಿನದ ನೀರು ಹುಯ್ದ್ರು, ಕಾಯಿ ಒಡೆದ್ರು, ಎಲ್ರೂ ಕಾಫಿ ಕುಡಿದ್ರು. ನನ್ ತಮ್ಮ ಭೀಮರಾಜಾನೂ ಕುಡಿದ ಮೇಡಂ! ಕುಡಿದು, ಬಾಯಿ ಒರೆಸ್ಕೊಂಡು, ಸೀದಾ ಸ್ಟೇಷನ್‌ಗೆ ಹೋದ.

ಅಲ್ಲಿ ಶುರುವಾಯ್ತು ನೋಡಿ. ನಮ್ಮೂರ ಗಂಗಮ್ಮ ಮಾತಾಡೋದು ತೆಲುಗು. ‘ನರುಕು!’ ಅಂದ್ಲು, ಕಡಿ ಅಂತ. ಪೊಲೀಸ್ನೋರು ಕನ್ನಡದಲ್ಲಿ ‘ಸ್ವಇಚ್ಛೆಯಿಂದ ಕಡಿದಿರುತ್ತಾನೆ’ ಅಂತ ಬರ್ಕೊಂಡ್ರು. ನಮ್ ವಕೀಲ್ರು ಮೈಮೇಲೆ ಬಂದಿದ್ದನ್ನ ಇಂಗ್ಲಿಷಿಗೆ ಹಾಕಿ ತಲೆ ಕಾಯಿಲೆ ಮಾಡಿಬಿಟ್ರು! ಜಡ್ಜ್ ಸಾಹೇಬ್ರು, ಹೋಗಪ್ಪಾ, ಡಾಕ್ಟ್ರಿಗೆ ತೋರಿಸ್ಕೊಂಡು ಬಾ ಅಂದ್ರು. ಊರಿಗೆ ದೇವ್ರು ಸಾಕಿತ್ತು. ಕೋರ್ಟಿಗೆ ಹುಚ್ಚನೇ ಬೇಕಂತೆ!

ಹುಚ್ಚ ಅಂದ್ರೆ ಜೈಲು ತಪ್ತೈತೆ, ಗೊತ್ತು. ಆದ್ರೆ ನನ್ ಮಗಳು ಚಂದನಂಗೆ ಲಕ್ಕೂರಲ್ಲಿ ಸಂಬಂಧ ಕುದುರೈತೆ. ಅಪ್ಪನ ಮೈಮೇಲೆ ದೇವ್ರು ಬರ್ತೈತೆ ಅಂದ್ರೆ ಬೀಗರು ಕೈ ಮುಗೀತಾರೆ. ಅಪ್ಪ ಹುಚ್ಚ ಅಂದ್ರೆ... ತಾಂಬೂಲ ವಾಪಸ್ಸು ಕಳಿಸ್ತಾರೆ ಮೇಡಂ.

ಏನು? ಆವತ್ತು ಏನಾಯ್ತು ಅಂತಾನಾ? ನಂಗೇನೂ ನೆನಪಿಲ್ಲ. ಕಣ್ಣು ಕತ್ತಲೆ. ಕೊಡ್ಲಿ ಹಿಡಿದಿದ್ದು ಅವಳು, ನಾನಲ್ಲ! ಪಾಲಾದಾಗ ಅಮ್ಮನ ತೋಟ ಪೂರ್ತಿ ತಮ್ಮನಿಗೆ ಹೋಯ್ತು, ಆ ಹೊಟ್ಟೆಕಿಚ್ಚಿಗೆ ಕಡಿದ ಅಂತಾರೆ ಜನ. ಸುಳ್ಳು! ಕಂಡಿದ್ದೆಲ್ಲಾ ಕಡಿದೆ. ಬಾದಾಮಿ ಯಾವುದು, ರಸಪುರಿ ಯಾವುದು, ಒಂದೂ ಗೊತ್ತಾಗ್ಲಿಲ್ಲ...

ಫೋಟೋನಾ? ಪೊಲೀಸ್ನೋರು ತೆಗೆದಿದ್ದಾ? ಕೊಡಿ, ನೋಡೋಣ... ಹೂಂ. ಬಾವಿ ಪಕ್ಕ ಒಂದು ಮರ ಮಾತ್ರ ನಿಂತೈತೆ. ಅದಾ? ಅಯ್ಯೋ, ಅದನ್ನ ಹೆಂಗೆ ಕಡೀಲಿ ಮೇಡಂ? ನಮ್ಮಮ್ಮ ಕೈಯಾರೆ ನೆಟ್ಟಿದ್ದು. ಸಾಯೋ ವರ್ಷಾನೂ ಬಿಂದಿಗೇಲಿ ನೀರು ಹೊತ್ತು ಹುಯ್ದಿದ್ಲು. ಅದರ ಹತ್ರ ಬಂದಾಗ ಕೊಡ್ಲಿ ಕೆಳಗಿಟ್ಟು, ಮರ ತಬ್ಕೊಂಡು ಅತ್ತುಬಿಟ್ಟೆ...

ಮೇಡಂ? ಪೆನ್ನು ಯಾಕೆ ಕೆಳಗಿಟ್ರಿ?

ಏನೂ ನೆನಪಿಲ್ಲ ಅಂದೋನಿಗೆ ಇದು ಹೆಂಗೆ ನೆನಪೈತೆ ಅಂತಾನಾ?

ಅದೂ... ಅತ್ತಿದ್ದೂ ಗಂಗಮ್ಮಾನೇ ಮೇಡಂ. ನಾನಲ್ಲ.