ಗಾಡಿ ಶೆಡ್ಡಿನಲ್ಲೇ ಇರುತ್ತೆ

...ಅಲ್ಲಮ್ಮಾ, ಬಿಸಿನೀರು ಕೇಳಿದ್ದೇ ತಪ್ಪಾ? ಬೆಳಗಾಗೆದ್ದು ದೇವರ ಧ್ಯಾನಕ್ಕೆ ಕೂರೋ ಮುದುಕ ನಾನು. ತಣ್ಣೀರು ಸುರಿದುಕೊಂಡು ಗಡಗಡ ನಡುಗ್ತಾ ಕೂತರೆ ದೇವರು ನೆನಪಾಗ್ತಾನಾ, ಕಂಬಳಿ ನೆನಪಾಗುತ್ತಾ? ಗ್ಯಾಸ್ ಗೀಸರ್ ಆರಿಸಿದೀಯ. ಕಿಟಕಿ ಬಾಗಿಲೆಲ್ಲ ಹಾರುಹೊಡೆದಿದೀಯ. ಕೂಸನ್ನ ಪಕ್ಕದ ಮನೆಗೆ ಕಳಿಸಿದೀಯ. ಮಾವನನ್ನ ಅಂಗಳಕ್ಕೆ ಎಳ್ಕೊಂಡು ಬಂದಿದೀಯ. ಯಾಕೆ? ವಾಸನೆ! ಪೆಟ್ರೋಲ್ ವಾಸನೆಯಂತೆ! ಎಲ್ಲಿದೆಯಮ್ಮ ವಾಸನೆ?

ನಗ್ತೀಯಾ? ನಗು, ನಗು. ಸೊಸೆ ನಕ್ಕರೆ ಮನೆಗೇ ಒಳ್ಳೇದು.

ನಾನು ಈ ಆಸ್ಪತ್ರೆ ಮೈದಾನಕ್ಕೆ ಹುಲ್ಲು ಕತ್ತರಿಸೋಕೆ ಬಂದಾಗ ನಿನ್ನ ಗಂಡ ಅಂಬೆಗಾಲಿಡ್ತಿದ್ದ. ಆಗ ಕೈಕತ್ತರಿ, ಆಮೇಲೆ ತಳ್ಳೋ ಮೆಷಿನ್ನು, ಈಗ ಈ ಕೂತು ಓಡಿಸೋ ಗಾಡಿ. ಆ ಭಗವಂತನ ದಯೆ, ಒಂದು ಕಿಡಿ ಹಾರಿಲ್ಲ ಇಷ್ಟು ವರ್ಷದಲ್ಲಿ. ಈಗ ನೀನು ನನಗೆ ಪಾಠ ಹೇಳೋಕೆ ಬಂದೆ...

ಓಡಿಸಿ ಬಂದ ಗಾಡಿಗೆ ನಾನು ಹಾಗೇ ಪೆಟ್ರೋಲ್ ಹಾಕಿದ್ದನ್ನ ನೋಡಿದೀಯಾ? ಹೇಳು, ನೋಡಿದೀಯಾ? ಕಾದ ಇಂಜಿನ್ನಿಗೆ ಪೆಟ್ರೋಲು ಚೆಲ್ಲಿದ್ರೆ ಮುಗೀತು ಕಥೆ. ಅದು ಪೂರ್ತಿ ತಣ್ಣಗಾಗೋವರೆಗೂ ಮರದ ಕೆಳಗೆ ಕೂತು ಜಪ ಮಾಡ್ತೀನಿ, ಆಮೇಲೇ ಮುಚ್ಚಳ ತಿರುಗಿಸೋದು. ಅದೂ ಬಯಲಲ್ಲಿ! ಶೆಡ್ಡಿನೊಳಗೆ ಹಾಕಲ್ಲ. ಕಂಠಮಟ್ಟ ತುಂಬಿಸಲ್ಲ, ಬಿಸಿಲಿಗೆ ಪೆಟ್ರೋಲೂ ಉಬ್ಬುತ್ತೆ, ಹೊಗಳಿಸಿಕೊಂಡ ಮನುಷ್ಯನ ಹಾಗೆ. ಬಂಕಿಗೆ ಹೋದರೂ ಅಷ್ಟೆ. ಆಸ್ಪತ್ರೆ ಡ್ರೈವರ್ 'ಕ್ಯಾನು ಜೀಪಲ್ಲೇ ಇರಲಿ ತಾತ, ಅಲ್ಲೇ ತುಂಬಿಸ್ತಾರೆ' ಅಂದ. ಇಳಿಸಪ್ಪ ನೆಲಕ್ಕೆ, ಅಂದೆ ನಾನು. ನೆಲ ಮುಟ್ಟದೆ ಕ್ಯಾನಿಗೆ ಒಂದು ಹನಿ ಬೀಳಕೂಡದು, ಜೀಪಲ್ಲೇ ಇದ್ರೆ ಕ್ಯಾನಲ್ಲಿ ಕರೆಂಟು ಕೂಡಿ ಕಿಡಿ ಹಾರುತ್ತೆ. ಅವನೂ ನಿನ್ನ ಹಾಗೇ ನಕ್ಕ.

ಏನು? ಗೋಡೆನಾ?

ಗೊತ್ತಮ್ಮ, ಶೆಡ್ಡಿಗೂ ಬಚ್ಚಲಿಗೂ ಒಂದೇ ಗೋಡೆ. ನಡುವೆ ಬಾಗಿಲು ಬೇರೆ. ಆ ಗೀಸರ್ ಒಳಗೆ ಸದಾ ಒಂದು ಪುಟ್ಟ ಉರಿ ಇರುತ್ತೆ, ಅದೂ ಗೊತ್ತು. ಹಾಕಿಸಿದ್ದು ಯಾರು? ನಿನ್ನ ಗಂಡ! ಗಾಡಿ ಮೊದಲು ಬಂತಾ, ಗೀಸರ್ ಮೊದಲು ಬಂತಾ? ನೀನು ಹೇಳಿದೆ ಅಂತ ಕ್ಯಾನನ್ನ ಹಿತ್ತಿಲ ಗೂಡಿಗೆ ಸಾಗಿಸಿದೆ, ಬೀಗ ಹಾಕಿದೆ. ಈಗ ಗಾಡೀನೂ ಸಾಗಿಸು ಅಂದ್ರೆ? ನಾಳೆ ಮಾವನನ್ನೂ ಸಾಗಿಸ್ತೀಯ.

ಅಯ್ಯೋ, ತಮಾಷೆಗಂದೆ. ಕಣ್ಣಲ್ಲಿ ನೀರು ತರಬೇಡ ತಾಯಿ.

ನಾನು ದೂರೋ ಪೈಕಿ ಅಲ್ಲ. ಮೊನ್ನೆ ಹಾಲು ತಳಹಿಡಿದು ಸೀದು ಕರಕಲಾಗಿತ್ತಂತೆ, ಮನೆಯವರೆಲ್ಲ ಲೋಟ ಕೆಳಗಿಟ್ಟರಂತೆ. ನಾನು ಗಟಗಟ ಕುಡಿದೆ ತಾನೇ? ಒಂದು ಮಾತು ಅಂದ್ನಾ?

...ಯಾಕೆ ಹಾಗೆ ನೋಡ್ತೀಯ?

ಬೇಡ. ಆಫೀಸಿನವರಿಗೆ ಹೇಳ್ತೀನಿ ಅಂತ ಮಾತ್ರ ಹೆದರಿಸಬೇಡ. ಅವರು ಬೈಯಲ್ಲ, ಬೈದಿದ್ರೆ ಚೆನ್ನಾಗಿತ್ತು. 'ತಾತ, ಸಾಕು, ಆರಾಮಾಗಿರಿ' ಅಂತ ಬೆನ್ನು ತಟ್ಟಿ ಕೀಲಿ ಇಸ್ಕೋತಾರೆ. ಆಮೇಲೆ ನಾನೇನು ಮಾಡ್ಲಿ? ಮಹಡಿ ವಾರ್ಡಿನ ಕಿಟಕಿಯಿಂದ ರೋಗಿಗಳು ನೋಡ್ತಿರ್ತಾರೆ, ನಾನು ತಿರುವು ತಗೊಂಡಾಗ ಕೈ ಬೀಸ್ತಾರೆ. ಹುಲ್ಲಿನ ಒಂದೊಂದು ಸಾಲಿಗೂ ಒಬ್ಬೊಬ್ಬರ ಹೆಸರಲ್ಲಿ ಪ್ರಾರ್ಥನೆ ಮಾಡ್ತೀನಮ್ಮ ನಾನು. ಯಾರಿಗೂ ಹೇಳಿಲ್ಲ ಇದನ್ನ. ಗಾಡಿ ಸದ್ದಲ್ಲಿ ದೇವರಿಗೆ ಬಿಟ್ಟು ಇನ್ಯಾರಿಗೂ ಕೇಳಿಸಲ್ಲ.

ಅದಕ್ಕೇ ಹೇಳಿದ್ದು. ಗಾಡಿ ಶೆಡ್ಡಿನಲ್ಲೇ ಇರುತ್ತೆ. ವಾಸನೆಯಿಲ್ಲ, ಗೀಸನೆಯಿಲ್ಲ. ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?

ಒಳಗೆ ಓಡಿಹೋಗಿ ಏನು ತಂದೆ, ಬೆನ್ನ ಹಿಂದೆ ಬಚ್ಚಿಟ್ಕೊಂಡಿದೀಯ? ಕಣ್ಣು ಮುಚ್ಚಿ, ಮೂಸಿ ಏನಂತ ಹೇಳಬೇಕಾ? ಇದೆಂಥ ಮಕ್ಕಳಾಟ! ಬೇಡಮ್ಮ, ನನಗೆ ಕೆಲಸ ಇದೆ... ಸರಿ, ಸರಿ, ಕೈ ಬಿಡು. ಮುಚ್ಚಿದೆ. ಪೂರ್ತಿ ಮುಚ್ಚಿದೀನಿ, ಆಣೆಗೂ.

ಹಿಡಿ.

ಮೂಗಿನ ಹತ್ತಿರ ಹಿಡಿದಿದೀಯಾ? ಹಾಂ... ಹಾಂ, ಬಂತು ಬಂತು. ಇರು, ಹೇಳ್ತೀನಿ. ಅಡುಗೆಮನೆಯಿಂದ ನೆಟ್ಟಗೆ ಬಂದೆಯಲ್ಲ... ಈರುಳ್ಳಿ! ಈಗಷ್ಟೇ ಹೆಚ್ಚಿದ್ದು! ಅಬ್ಬಾ, ಏನು ಘಾಟು, ಕಣ್ಣೇ ಉರೀತಿದೆ ನೋಡು. ಸೋತೆಯಲ್ಲ?

ಸೋತೆ ತಾನೇ?

...ಅಮ್ಮಾ?

ಈರುಳ್ಳಿ ಅಲ್ವಾ? ಹಾಗಾದ್ರೆ ಬೆಳ್ಳುಳ್ಳಿ. ಎರಡೂ ಒಂದೇ ಜಾತಿ... ನಗಮ್ಮ. ಇಷ್ಟು ಹೊತ್ತು ನಗ್ತಿದ್ದೆಯಲ್ಲ, ಈಗ ನಗು. ಕಣ್ಣು ತೆಗೀತೀನಿ ನಾನು.

ಓ.

ಗಾಡಿ ಕೆಳಗೆ ಹಾಸಿರೋ ಬಟ್ಟೆ.

ಪೆಟ್ರೋಲಲ್ಲಿ ನೆನೆದು ತೊಟ್ಟಿಕ್ತಿದೆ. ಪೈಪು ಬಿಟ್ಟಿದೆ ಎಲ್ಲೋ... ರಾತ್ರಿಯೆಲ್ಲ ಸೋರಿದೆ. ಗೋಡೆಯ ಆ ಕಡೆ ಉರಿ. ಕೂಸು ಅಲ್ಲೇ ಪಕ್ಕದ ಕೋಣೇಲಿ ಮಲಗಿತ್ತು. ನಾನು ಬೆಳಿಗ್ಗೆ ಶೆಡ್ಡಿಗೆ ಹೋಗಿ ಬಂದೆ, ಗಾಡಿ ಸವರಿ ಬಂದೆ. ನನಗೆ ಏನೂ...

ಬೈಯಮ್ಮ. ಏನಾದ್ರೂ ಅನ್ನು. ಹೀಗೆ ನಿಂತರೆ ನಾನು ಎಲ್ಲಿ ನೋಡಲಿ?

ಆ ಜ್ವರ ಬಂದು ಹೋಯ್ತಲ್ಲ, ಆಗ್ಲಿಂದ. ಧೂಪದ ಹೊಗೆ ಕಾಣುತ್ತೆ, ಘಮ ಬರಲ್ಲ. ಕೂಸಿನ ನೆತ್ತಿ ಮೂಸಿದ್ರೂ ಬರಲ್ಲಮ್ಮ. ದೇವರು ಕೊಟ್ಟಿದ್ದು, ದೇವರೇ ತಗೊಂಡ, ವಾಪಸ್ ಕೊಡ್ತಾನೆ ಅಂತ ಕಾಯ್ತಾ ಇದ್ದೆ. ಕಾಯೋದು ಭಕ್ತಿ ಅಂದ್ಕೊಂಡಿದ್ದೆ. ಮುಚ್ಚಿಡೋದನ್ನೂ ಅದರ ಜೊತೆಗೇ ಕಟ್ಟಿಟ್ಟೆ.

ಆಫೀಸಿಗೆ ನೀನು ಹೋಗಬೇಡ. ನಾನೇ ಹೋಗ್ತೀನಿ. ಕೀಲಿ ಇಸ್ಕೊಂಡ್ರೆ ಇಸ್ಕೊಳ್ಳಲಿ.

ಬಟ್ಟೇನ ಅಲ್ಲಿ ಬಯಲಲ್ಲಿ ಹರವು, ಬಿಸಿಲು ಬಂದು ಆರಲಿ. ಒಳಗೆ ಯಾವ ಸ್ವಿಚ್ಚೂ ಮುಟ್ಟಬೇಡ. ಶೆಡ್ಡಿನ ದೊಡ್ಡ ಬಾಗಿಲು ತೆರೆದೇ ಇದೆ ತಾನೇ, ಗಾಳಿ ಆಡಲಿ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ. ಆಮೇಲೆ ಗಾಡೀನ ಮೈದಾನಕ್ಕೆ ತಳ್ಳೋಣ. ಸ್ಟಾರ್ಟ್ ಮಾಡೋ ಹಾಗಿಲ್ಲ, ತಳ್ಳಬೇಕು. ಕಬ್ಬಿಣದ ಎಮ್ಮೆ ಅದು, ಒಬ್ಬನ ಕೈಲಾಗಲ್ಲ. ಒಳಗೆ ಹೋಗೋ ಹೊತ್ತು ಯಾವುದು ಅಂತ ನೀನೇ ಹೇಳಬೇಕಮ್ಮ. ವಾಸನೆ ಹೋಯ್ತು ಅಂತ ನೀನು ಹೇಳೋವರೆಗೂ ನಾನು ಹೊಸ್ತಿಲು ದಾಟಲ್ಲ.

ದೇವರೇ, ಜೊತೆಗಿರಪ್ಪ.

ನಿನಗಲ್ಲಮ್ಮ ಹೇಳಿದ್ದು... ಹಾಂ, ಇರು. ನೀನೂ ಇರು.