ಹಿಂದಿನ ಬಾಗಿಲ ಬೀಗ

ನಾನು ಒಳಗೆ ಬರಲ್ಲ ಅಂತ ಮೆಟ್ಲಲ್ಲೇ ಕೂತ್ಬಿಟ್ಟೆ ಕಣ್ರೋ, ನಿಮ್ಮಮ್ಮನೇ ಕೈ ಹಿಡ್ದು ಎಳ್ಕೊಂಡು ಹೋದ್ಲು. ಬೊಮ್ಮನಹಳ್ಳೀಲಿ ನಾನು ಕೆಲಸ ಮಾಡ್ತಿದ್ದ ಗಾರ್ಮೆಂಟ್ಸ್ ಇತ್ತಲ್ಲ, ಬೆಂಕಿ ಬಿತ್ತಲ್ಲ, ಅದ್ರಲ್ಲಿ ಹೋದೋರ ನೆನಪಿಗೆ ಮನೆಯೋರೇ ಸೇರಿ ಮಾಡಿರೋ ಮ್ಯೂಸಿಯಂ. ಮ್ಯೂಸಿಯಂ ಅಂದ್ರೆ ದೊಡ್ಡದೇನಲ್ಲ, ಒಂದ್ ಬಾಡಿಗೆ ರೂಮು. ಗೋಡೆ ತುಂಬ ಫೋಟೋ, ಕೆಳಗೆ ಟಿಫನ್ ಬಾಕ್ಸು, ಕತ್ರಿ, ಕರಕಲಾದ ಹೊಲಿಗೆ ಮಿಷಿನ್ನು. ನಮ್ ಶಾಂತನ ಫೋಟೋನೂ ಇತ್ತು. ನನ್ ಪಕ್ಕದ ಮಿಷಿನ್ನಿನೋಳು ಅವಳು. ಆಮೇಲೆ ನನ್ನ ಸೂಪರ್‌ವೈಸರ್ ಮಾಡಿದ್ರೂ ಊಟ ಒಂದೇ ಡಬ್ಬೀಲಿ.

ಎಲ್ಲಾ ತೋರಿಸ್ತಿದ್ದೋಳು ಶಾಂತನ ತಂಗಿ, ಗೌರಿ. ನನ್ ಗುರ್ತಿಲ್ಲ ಅವಳಿಗೆ. ಗಾಜಿನ ಪೆಟ್ಟಿಗೆ ಮುಂದೆ ನಿಂತು, “ಇದು ಹಿಂದಿನ ಬಾಗಿಲ ಬೀಗ ಅಮ್ಮ. ಯಾರು ಹಾಕಿದ್ರೋ ಗೊತ್ತಿಲ್ಲ. ಸಾವಿತ್ರಮ್ಮ ಅನ್ನೋರು ಆಫೀಸಿಂದ ಕೀ ತಂದು ತೆಗ್ದ್ರು, ಇಲ್ಲಾಂದ್ರೆ ಇನ್ನೂ ಜನ ಹೋಗ್ತಿದ್ರು” ಅಂದ್ಲು. ಪಕ್ಕದಲ್ಲಿ ನನ್ ಹೆಸ್ರು ಬರ್ದಿರೋ ಚೀಟಿ.

ಕೀ ಆಫೀಸಲ್ಲಿರ್ಲಿಲ್ಲ ಕಣ್ರೋ, ನನ್ ಸೊಂಟದಲ್ಲಿತ್ತು. ಹೆಣ್ಮಕ್ಳು ಹಿಂದ್ಗಡೆಯಿಂದ ಜಾರ್ಕೋತಾರೆ ಅಂತ ಮ್ಯಾನೇಜರು, “ಲೇ ಸಾವಿತ್ರಿ, ಬೀಗ ಜಡಿ” ಅಂದ, ಜಡಿದೆ. ಮಧ್ಯಾಹ್ನ, ಅಲ್ಲಲ್ಲ, ಊಟ ಮುಗ್ದಿತ್ತು, ಟೀ ಹೊತ್ತು, ಹೆಣ್ಮಕ್ಳೆಲ್ಲ ಮೇಲಿನ ಮಹಡೀಲಿ, ನಾನು ಕೆಳಗಿದ್ದೆ. ಮುಂದಿನ ಮೆಟ್ಲ ಹತ್ರ ಬಟ್ಟೆ ರಾಶಿಗೆ ಬೆಂಕಿ ಹತ್ಕೊಂಡ್ತು. ಹಿಂದಿನ ಮೆಟ್ಲು ಹತ್ತಿ ಓಡ್ದೆ. ಒಳಗಿಂದ ಬಾಗ್ಲು ಬಡೀತಿದ್ದಾರೆ, “ಅಕ್ಕಾ, ತೆಗಿಯಕ್ಕಾ!” ಆತುರಕ್ಕೆ ಕೀ ಬೀಗದೊಳಗೇ ಹೋಗ್ತಿಲ್ಲ. ಹೆಂಗೋ ತೆಗ್ದೆ. ಒಂದಷ್ಟು ಜನ ಕೆಮ್ಮುತ್ತಾ, ಒಬ್ರ ಮೇಲೊಬ್ರು ಬಿದ್ಕೊಂಡು ಬಂದ್ರು. ಶಾಂತ ಬರ್ಲಿಲ್ಲ. ಬಂದೋರು ನನ್ ಕಾಲಿಗೆ ಬಿದ್ರು. ಪೊಲೀಸ್ರು ಕೇಳಿದ್ರೆ, ಕೀ ಆಫೀಸಿಂದ ತಂದೆ, ಬೀಗ ಯಾರ್ ಹಾಕಿದ್ರೋ ಗೊತ್ತಿಲ್ಲ ಅಂದ್ಬಿಟ್ಟೆ.

ಗೌರಿಗೆ ಹೇಳ್ದೆ, “ಆ ಸಾವಿತ್ರಿ ನಾನೇ ಕಣಮ್ಮ.” ಅವಳು ಕೈ ಮುಗಿಯಕ್ಕೆ ಬಂದ್ಲು. ಆ ಕೈ ಹಿಡ್ಕೊಂಡು, “ಮುಗೀಬೇಡ. ಹಾಕಿದ್ದೂ ನಾನೇ” ಅಂದೆ. ನಿಮ್ಮಮ್ಮ, “ಅಮ್ಮಾ, ಏನ್ ಮಾತಾಡ್ತಿದ್ದೀಯಾ?” ಅಂತ ಭುಜ ಹಿಡ್ಕೊಂಡ್ಲು. ಗೌರಿ ಮೆಲ್ಲಗೆ ಕೈ ಬಿಡಿಸ್ಕೊಂಡ್ಲು. “ಬೀಗ ಯಾರ್ ಹಾಕಿದ್ದು ಅಂತ ಕೇಳ್ಕೊಂಡು ಕೇಳ್ಕೊಂಡೇ ನಮ್ಮವ್ವ ಸತ್ಲು” ಅಂದ್ಲು, ಅಷ್ಟೇ. ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಹಳೇ ಚೀಟಿ ತೆಗ್ದು, ಪೆನ್ನು, ಹೊಸ ಹಾಳೆ ಕೊಟ್ಟು, “ನೀವೇ ಬರೀರಿ” ಅಂದ್ಲು. ನಡೆದಿದ್ದು ನಡೆದಂಗೆ ಬರ್ದೆ. ಓದಿ ಗಾಜಿನೊಳಗೆ ಇಟ್ಲು. ನನ್ ಮುಖ ನೋಡ್ಲೇ ಇಲ್ಲ.

ನೋಡ್ರಪ್ಪಾ, ಒಳಗೆ ಜನ ಇದ್ರೆ ಯಾವ ದೊಡ್ಡಮನ್ಷ ಹೇಳಿದ್ರೂ ಬಾಗ್ಲು ಜಡೀಬೇಡಿ. ತಪ್ಪಿ ಜಡಿದ್ರೆ, ಕೇಳೋ ತಾಯಿ ಬದುಕಿರೋವಾಗ್ಲೇ ಹೇಳ್ಬಿಡಿ.